ಪದವಿ ತರಗತಿಯಲ್ಲಿ ಪತ್ರಿಕೋದ್ಯಮ

ಕರ್ನಾಟಕದ ಪದವಿ ಕಾಲೇಜುಗಳ ಪ್ರವೇಶ ಪ್ರಕಟಣೆಗಳಲ್ಲಿ ‘ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ’ ಎಂದು ಒಂದೇ ಹೆಸರಿನಡಿ ಕಾಣಿಸಿಕೊಳ್ಳುವ ವಿಷಯದೊಳಗೆ ಸ್ವಭಾವದಲ್ಲಿ ಸಾಕಷ್ಟು ಭಿನ್ನವಾದ ಎರಡು ಕಲಿಕೆಗಳು ಸೇರಿಕೊಂಡಿವೆ. ಪತ್ರಿಕೋದ್ಯಮವು ಒಂದು ಕಸುಬು. ನಡೆದದ್ದನ್ನು ಹುಡುಕುವುದು, ನಿಜವೇ ಎಂದು ಪರೀಕ್ಷಿಸುವುದು, ಓದುಗನಿಗೆ ತಿಳಿಯುವಂತೆ ಬರೆಯುವುದು ಮತ್ತು ಗಡುವಿನೊಳಗೆ ಒಪ್ಪಿಸುವುದು ಅದರ ಕೆಲಸ. ಸಮೂಹ ಸಂವಹನವಾದರೋ ಒಂದು ಅಧ್ಯಯನ. ಕೆಲವೇ ಮಂದಿ ಸಿದ್ಧಪಡಿಸಿದ ಮಾತು, ಚಿತ್ರ, ಧ್ವನಿಗಳು ಲಕ್ಷಾಂತರ ಮಂದಿಯನ್ನು ಹೇಗೆ ತಲುಪುತ್ತವೆ, ತಲುಪಿದ ಮೇಲೆ ಅವರ ತಿಳಿವಳಿಕೆಯಲ್ಲೂ ನಡವಳಿಕೆಯಲ್ಲೂ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಅದು ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರಗಳ ನೆರವಿನಿಂದ ಪರಿಶೀಲಿಸುತ್ತದೆ. ಮೊದಲನೆಯದನ್ನು ಕೈಯಾರೆ ಮಾಡಿ ಕಲಿಯಬೇಕು, ಎರಡನೆಯದನ್ನು ಓದಿ, ಅಳೆದು, ವಾದಿಸಿ ತಿಳಿಯಬೇಕು. ಜಾಹೀರಾತು, ಸಾರ್ವಜನಿಕ ಸಂಪರ್ಕ, ಆಕಾಶವಾಣಿ, ದೂರದರ್ಶನ, ಚಲನಚಿತ್ರ ಅಧ್ಯಯನಗಳೆಲ್ಲ ಈ ಎರಡರ ನಡುವೆ ಎಲ್ಲೋ ಒಂದೆಡೆ ನಿಲ್ಲುತ್ತವೆ.

ಈ ವಿಷಯವನ್ನು ಕುರಿತು ಪೋಷಕರಲ್ಲೂ ವಿದ್ಯಾರ್ಥಿಗಳಲ್ಲೂ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಬೇರೂರಿವೆ. ಕ್ಯಾಮೆರಾದ ಮುಂದೆ ಮೈಕು ಹಿಡಿದು ನಿಲ್ಲುವುದನ್ನು ಕಲಿಸುವ ತರಬೇತಿಯೇ ಪತ್ರಿಕೋದ್ಯಮವೆಂದು ಕೆಲವರು ಭಾವಿಸಿದರೆ, ಬರವಣಿಗೆ ಹುಟ್ಟಿನಿಂದ ಬರಬೇಕಾದ ಗುಣವಾದ್ದರಿಂದ ಅದನ್ನು ಕಾಲೇಜಿನಲ್ಲಿ ಕಲಿಸಲಾಗದು ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡನೆಯ ವಾದಕ್ಕೆ ಕನ್ನಡದಲ್ಲಿ ಗಟ್ಟಿಯಾದ ಆಧಾರವೇ ಇದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಪತ್ರಿಕೋದ್ಯಮದ ಶಾಲೆ ಎಂಬುದು ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ, ಡಿ.ವಿ. ಗುಂಡಪ್ಪ, ತಿ.ತಾ. ಶರ್ಮ, ಮೊಹರೆ ಹಣಮಂತರಾಯರಂಥವರು ಕನ್ನಡ ಪತ್ರಿಕೋದ್ಯಮವನ್ನು ಕಟ್ಟಿದ್ದು ಯಾವ ಪದವಿಯ ಬಲದಿಂದಲೂ ಅಲ್ಲ. ಅವರಿಗೆ ಮುದ್ರಣಾಲಯವೇ ಪಾಠಶಾಲೆಯಾಗಿತ್ತು, ರಾಷ್ಟ್ರೀಯ ಚಳವಳಿಯೇ ಪಠ್ಯವಾಗಿತ್ತು. ಆದರೆ ಆ ತಲೆಮಾರಿನವರಲ್ಲಿದ್ದ ವಿಸ್ತಾರವಾದ ಓದು, ಸಂಸ್ಥಾನದ ಆಡಳಿತ, ಇತಿಹಾಸ, ಅರ್ಥಶಾಸ್ತ್ರಗಳ ಪರಿಚಯ ಮತ್ತು ಎರಡು ಮೂರು ಭಾಷೆಗಳಲ್ಲಿನ ಹಿಡಿತವನ್ನು ನೋಡಿದರೆ, ಅವರು ಕಲಿಯದೆಯೇ ಪತ್ರಕರ್ತರಾದರು ಎನ್ನುವುದು ಸರಿಯಾಗಲಾರದು. ಕಲಿತ ಜಾಗ ಬೇರೆಯಾಗಿತ್ತು, ಅಷ್ಟೆ. ವೃತ್ತಿಯ ಧರ್ಮವನ್ನು ಕುರಿತು ಡಿವಿಜಿಯವರು ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು ಎಂಬುದು, ಅದು ಹೇಳಿಕೊಡಬಹುದಾದ ವಿದ್ಯೆ ಎಂದು ಅವರು ನಂಬಿದ್ದರೆಂಬುದಕ್ಕೆ ಸಾಕ್ಷಿ.

ಪತ್ರಿಕೋದ್ಯಮವನ್ನು ವಿಶ್ವವಿದ್ಯಾಲಯದ ಅಂಗಳಕ್ಕೆ ತಂದ ಶ್ರೇಯಸ್ಸು ಅಮೆರಿಕೆಗೆ ಸಲ್ಲುತ್ತದೆ. 1908ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಅವರ ನೇತೃತ್ವದಲ್ಲಿ ಆರಂಭವಾದ ಶಾಲೆಯು ತರಗತಿಗಳು ಶುರುವಾದ ದಿನವೇ ವಿದ್ಯಾರ್ಥಿಗಳಿಂದ ಒಂದು ನಿಜವಾದ ಪತ್ರಿಕೆಯನ್ನು ಹೊರಡಿಸಿ, ಮಾಡಿ ಕಲಿಯುವ ಕ್ರಮಕ್ಕೆ ಅಡಿಪಾಯ ಹಾಕಿತು. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ಹಣದಿಂದ 1912ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಶಾಲೆ ತೆರೆಯಿತು. ಭಾರತದಲ್ಲಿ 1920ರ ಸುಮಾರಿಗೆ ಅಡ್ಯಾರಿನ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಆನಿ ಬೆಸೆಂಟ್ ನಡೆಸಿದ ಪ್ರಯೋಗ ಹೆಚ್ಚು ಕಾಲ ನಿಲ್ಲಲಿಲ್ಲ. ಬೇರುಬಿಟ್ಟ ಮೊದಲ ವಿಭಾಗವೆಂದರೆ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಆರಂಭಿಸಿದ್ದು, ದೇಶ ವಿಭಜನೆಯ ನಂತರ ಅದು ದೆಹಲಿಗೆ ಬಂದು, 1962ರಲ್ಲಿ ಚಂಡೀಗಢದಲ್ಲಿ ನೆಲೆ ಕಂಡಿತು. ಮದ್ರಾಸು, ಕಲ್ಕತ್ತ ವಿಶ್ವವಿದ್ಯಾಲಯಗಳೂ ಇದೇ ಹಾದಿ ಹಿಡಿದವು. ಕೇಂದ್ರ ಸರ್ಕಾರದ ಭಾರತೀಯ ಸಮೂಹ ಸಂವಹನ ಸಂಸ್ಥೆ ದೆಹಲಿಯಲ್ಲಿ ಆರಂಭವಾದದ್ದು 1965ರಲ್ಲಿ.

ಈ ಸಾಲಿನಲ್ಲಿ ಮೈಸೂರಿನ ಹೆಜ್ಜೆ ವಿಶಿಷ್ಟವಾದದ್ದು, ಕನ್ನಡ ಓದುಗರು ಹೆಮ್ಮೆಯಿಂದ ನೆನೆಯಬೇಕಾದದ್ದು. ಉಳಿದೆಡೆಗಳಲ್ಲಿ ಪತ್ರಿಕೋದ್ಯಮವು ಪದವಿ ಮುಗಿಸಿದವರಿಗಾಗಿ ಇದ್ದ ಡಿಪ್ಲೊಮಾ ಆಗಿದ್ದಾಗ, 1951ರಲ್ಲಿ ಮಹಾರಾಜ ಕಾಲೇಜು ಅದನ್ನು ಬಿ.ಎ. ಪದವಿಯ ಐಚ್ಛಿಕ ವಿಷಯವನ್ನಾಗಿ ಮಾಡಿತು. ವಿಭಾಗವನ್ನು ಕಟ್ಟಿ ಬೆಳೆಸಿದ ನಾಡಿಗ ಕೃಷ್ಣಮೂರ್ತಿಯವರು ಮುಂದೆ 1966ರಲ್ಲಿ ಭಾರತೀಯ ಪತ್ರಿಕೋದ್ಯಮದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದು, ದೇಶದಾದ್ಯಂತ ವಿದ್ಯಾರ್ಥಿಗಳು ಓದುವ ಆಕರವೊಂದನ್ನು ಒದಗಿಸಿದರು. ಇದಕ್ಕೂ ಮೊದಲೇ, 1935ರಲ್ಲಿ, ಇದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ನಡೆಸಿದ್ದರು ಎಂಬುದನ್ನು ಇಲ್ಲಿ ಸೇರಿಸಿ ಹೇಳಬೇಕು; ಮಾಧ್ಯಮವನ್ನು ಕುತೂಹಲದಿಂದ ನೋಡುವ ವಾತಾವರಣ ಆ ಕಾಲೇಜಿಗೆ ಹೊಸದಾಗಿರಲಿಲ್ಲ.

ಐಚ್ಛಿಕ ವಿಷಯವೆಂಬ ಈ ವ್ಯವಸ್ಥೆಯ ಅರ್ಥವೇನೆಂದರೆ, ವಿದ್ಯಾರ್ಥಿಯು ಪತ್ರಿಕೋದ್ಯಮವೊಂದನ್ನೇ ಓದದೆ, ಅದರ ಜೊತೆಗೆ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಅಥವಾ ಐಚ್ಛಿಕ ಕನ್ನಡ, ಐಚ್ಛಿಕ ಇಂಗ್ಲಿಷ್‌ಗಳಲ್ಲಿ ಇನ್ನೆರಡು ವಿಷಯಗಳನ್ನು ಸರಿಸಮವಾಗಿ ಓದುತ್ತಾನೆ. ರಾಜ್ಯದ ಬಿ.ಎ. ತರಗತಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಕಾಂಬಿನೇಷನ್’ ಪದ್ಧತಿಯ ಈ ಅಂಶವನ್ನು ಆಡಳಿತದ ಅನುಕೂಲವೆಂದಷ್ಟೇ ನೋಡುವುದು ರೂಢಿ. ವಾಸ್ತವದಲ್ಲಿ ಪತ್ರಿಕೋದ್ಯಮ ಶಿಕ್ಷಣದ ಅತ್ಯಂತ ಬೆಲೆಬಾಳುವ ಭಾಗವೇ ಇದು. ಬಜೆಟ್ಟಿನ ವರದಿ ಬರೆಯಬೇಕಾದವನಿಗೆ ರಾಜಸ್ವ ಕೊರತೆಗೂ ವಿತ್ತೀಯ ಕೊರತೆಗೂ ಇರುವ ವ್ಯತ್ಯಾಸ ಗೊತ್ತಿರಬೇಕು. ಗ್ರಾಮ ಪಂಚಾಯಿತಿಯ ಅವಿಶ್ವಾಸ ನಿರ್ಣಯದ ಸುದ್ದಿ ಬರೆಯುವವನಿಗೆ 73ನೆಯ ಸಂವಿಧಾನ ತಿದ್ದುಪಡಿ ತಿಳಿದಿರಬೇಕು. ಗಡಿ ವಿವಾದದ ಬಗ್ಗೆ ಬರೆಯುವವನಿಗೆ 1956ರ ರಾಜ್ಯ ಪುನರ್ವಿಂಗಡಣೆಯ ಹಿನ್ನೆಲೆ ನೆನಪಿರಬೇಕು. ಬರೆಯುವ ಕೌಶಲವಿದ್ದು ತಿಳಿವಳಿಕೆ ಇಲ್ಲದಿದ್ದರೆ ವರದಿಗಾರನು ಅಧಿಕಾರಿಯು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಬರುವ ಗುಮಾಸ್ತನಾಗುತ್ತಾನೆ. ಕೇವಲ ಕೌಶಲವನ್ನು ಮಾರುವ ಅಲ್ಪಾವಧಿ ಕೋರ್ಸುಗಳು ಎಲ್ಲೆಡೆ ಹಬ್ಬಿರುವ ಈ ಕಾಲದಲ್ಲಿ, 1951ರ ಮೈಸೂರು ಮಾದರಿಯ ವಿವೇಕವನ್ನು ಮತ್ತೆ ಗಟ್ಟಿಯಾಗಿ ಹೇಳಬೇಕಾಗಿದೆ.

ತರಗತಿಯಲ್ಲಿ ನಡೆಯುವ ಕಲಿಕೆ ಹೇಗಿರುತ್ತದೆಂಬುದನ್ನು ಒಂದು ವರದಿಯ ಅಭ್ಯಾಸದಿಂದ ನೋಡಬಹುದು. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಹತ್ತಿರದ ಹಳ್ಳಿಯ ಗ್ರಾಮಸಭೆಗೆ ಕಳುಹಿಸಿದರೆ, ಆಕೆಯ ಮೊದಲ ಪ್ರತಿಯು ಪ್ರಾರ್ಥನೆಯಿಂದ ಆರಂಭವಾಗಿ, ದೀಪ ಬೆಳಗಿಸಿದವರ ಹೆಸರು, ಸ್ವಾಗತಿಸಿದವರ ಹೆಸರು, ಅಧ್ಯಕ್ಷರ ಭಾಷಣ ಎಂದು ನಡೆದ ಕ್ರಮದಲ್ಲಿಯೇ ಸಾಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕ ಮೂರು ತಿಂಗಳಿಂದ ಕೆಟ್ಟು ನಿಂತಿದೆ ಎಂದು ಮಹಿಳೆಯರು ಎದ್ದು ನಿಂತು ಕೂಗಾಡಿದ ಸಂಗತಿ ಕೊನೆಯ ವಾಕ್ಯದಲ್ಲಿ, ವಂದನಾರ್ಪಣೆಗೆ ಸ್ವಲ್ಪ ಮೊದಲು ಬರುತ್ತದೆ. ಅಧ್ಯಾಪಕರು ಆ ಕೊನೆಯ ವಾಕ್ಯಕ್ಕೆ ಗೆರೆ ಎಳೆದು ಮೇಲಕ್ಕೆ ಬಾಣದ ಗುರುತು ಹಾಕುತ್ತಾರೆ. ಅತ್ಯಂತ ಮುಖ್ಯವಾದದ್ದು ಮೊದಲಿಗೆ, ಅನಂತರ ಅದಕ್ಕೆ ಪೂರಕವಾದ ವಿವರ, ಕಡೆಗೆ ಬಿಟ್ಟರೂ ನಡೆಯುವಂಥದ್ದು ಎಂಬ ಈ ಜೋಡಣೆಗೆ ‘ತಲೆಕೆಳಗಾದ ಪಿರಮಿಡ್’ ಎಂದು ಹೆಸರು. ಪುಟದಲ್ಲಿ ಜಾಗ ಸಾಲದಿದ್ದಾಗ ಕೆಳಗಿನಿಂದ ಕತ್ತರಿಸಿದರೂ ಸುದ್ದಿಯ ಜೀವ ಉಳಿಯುವುದು ಇದರ ಅನುಕೂಲ. ಸುದ್ದಿಯ ಮೊದಲ ಪ್ಯಾರಾವನ್ನು ‘ಇಂಟ್ರೊ’ ಅಥವಾ ‘ಲೀಡ್’ ಎನ್ನುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳ ಪೈಕಿ ಮುಖ್ಯವಾದವುಗಳಿಗೆ ಅಲ್ಲಿಯೇ ಉತ್ತರ ಸಿಗಬೇಕೆಂಬುದು ನಿಯಮ.

ಆದರೆ ನಿಜವಾದ ಪಾಠ ಶುರುವಾಗುವುದು ಇದರ ನಂತರ. ಘಟಕ ಕೆಟ್ಟು ಮೂರು ತಿಂಗಳಾಯಿತೆಂದು ಹೇಳಿದವರು ಯಾರು? ಒಬ್ಬರೇ ಹೇಳಿದರೋ, ಪಂಚಾಯಿತಿಯ ದಾಖಲೆಯಲ್ಲೂ ಹಾಗೆಯೇ ಇದೆಯೋ? ದೂರು ಬಂದ ದಿನಾಂಕ ಯಾವುದು, ನಿರ್ವಹಣೆಯ ಗುತ್ತಿಗೆ ಯಾರದು, ಕಳೆದ ತಿಂಗಳುಗಳ ವಿದ್ಯುತ್ ಬಿಲ್ಲು ಎಷ್ಟು ಬಂದಿದೆ? ಓಡದ ಯಂತ್ರಕ್ಕೆ ಹಿಂದಿನಷ್ಟೇ ಬಿಲ್ಲು ಬಂದಿದ್ದರೆ ಅದು ಬೇರೊಂದು ಸುದ್ದಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮಾತನ್ನು ಕೇಳಲಾಗಿದೆಯೇ, ಅಥವಾ ಅವರು ಸಿಗಲಿಲ್ಲವೆಂದು ಕೈಬಿಡಲಾಗಿದೆಯೇ? ಈ ಪ್ರಶ್ನೆಗಳನ್ನು ಹಿಡಿದು ವಿದ್ಯಾರ್ಥಿನಿ ಮತ್ತೆ ಆ ಹಳ್ಳಿಗೆ ಹೋಗಬೇಕಾಗುತ್ತದೆ, ಮತ್ತು ಆ ಎರಡನೆಯ ಭೇಟಿಯಲ್ಲಿ ಆಕೆ ಕಲಿಯುವುದು ಇಡೀ ಸೆಮಿಸ್ಟರಿನ ಟಿಪ್ಪಣಿಗಳಲ್ಲಿ ಸಿಗುವುದಿಲ್ಲ. ಇಂಥ ಮರುಭೇಟಿಗೆ ಅವಕಾಶವಿಲ್ಲದ, ಬರೆದ ವರದಿಯನ್ನು ತಿದ್ದಿ ಹಿಂದಿರುಗಿಸದ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪರೀಕ್ಷೆ ನಡೆಯಬಹುದು, ಕಲಿಕೆ ನಡೆಯುವುದಿಲ್ಲ.

ಇಂಗ್ಲಿಷ್ ಪಠ್ಯಗಳಿಂದ ಬಂದ ಈ ನಿಯಮಗಳನ್ನು ಕನ್ನಡಕ್ಕೆ ಹೊಂದಿಸಿಕೊಳ್ಳುವುದೂ ಒಂದು ಕಲಿಕೆಯೇ. ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಹಿಂದೆಯೇ ಕ್ರಿಯಾಪದ ಬರುವುದರಿಂದ, ನಾಲ್ಕೈದು ವಿವರಗಳನ್ನು ಒಂದೇ ವಾಕ್ಯಕ್ಕೆ ತುಂಬಿದರೂ ಓದುಗನಿಗೆ ಏನು ನಡೆಯಿತೆಂಬುದು ಆರಂಭದಲ್ಲಿಯೇ ತಿಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸ್ಥಳ, ಸಮಯ, ಕಾರಣ, ಪದನಾಮಗಳನ್ನೆಲ್ಲ ಮುಂದೆ ಪೇರಿಸಿದರೆ ಓದುಗನು ಇಪ್ಪತ್ತೈದು ಪದಗಳನ್ನು ದಾಟಿ ಹೋದ ಮೇಲಷ್ಟೇ ಸತ್ತವರು ಯಾರು, ಗೆದ್ದವರು ಯಾರು ಎಂಬುದು ಗೊತ್ತಾಗುತ್ತದೆ. ಅದಕ್ಕಾಗಿಯೇ ಅನುಭವಿ ಕನ್ನಡ ವರದಿಗಾರರು ಇಂಟ್ರೊವನ್ನು ಎರಡು ಚಿಕ್ಕ ವಾಕ್ಯಗಳಾಗಿ ಒಡೆಯುತ್ತಾರೆ, ಸ್ಥಳವನ್ನು ಸುದ್ದಿಯ ತಲೆಯ ಮೇಲಿನ ಊರಿನ ಹೆಸರಿಗೆ ಬಿಡುತ್ತಾರೆ, ಕಾರಣವನ್ನು ಎರಡನೆಯ ಪ್ಯಾರಾಕ್ಕೆ ಇಳಿಸುತ್ತಾರೆ. ಕನ್ನಡದ ಮನೋಧರ್ಮಕ್ಕೆ ತಕ್ಕ ಇಂಥ ಸುದ್ದಿಬರಹದ ವ್ಯಾಕರಣವನ್ನು ಕುರಿತು ಇನ್ನೂ ಹೆಚ್ಚಿನ ಪಠ್ಯಗಳು ಬರಬೇಕಾದ ಅಗತ್ಯವಿದೆ.

ಸಂಪಾದನೆಯ ತರಗತಿಯು ಇನ್ನೊಂದು ಬಗೆಯ ಶಿಸ್ತನ್ನು ಬೇಡುತ್ತದೆ. ಪತ್ರಿಕಾಲಯದಲ್ಲಿ ವರದಿಗಳನ್ನು ತಿದ್ದಿ, ಶೀರ್ಷಿಕೆ ಕೊಟ್ಟು, ಪುಟಕ್ಕೆ ಜೋಡಿಸುವ ಉಪಸಂಪಾದಕರ ವಿಭಾಗಕ್ಕೆ ‘ಡೆಸ್ಕ್’ ಎನ್ನುತ್ತಾರೆ. ಕನ್ನಡ ಡೆಸ್ಕಿನ ಕೆಲಸದ ದೊಡ್ಡ ಪಾಲು ಅನುವಾದ. ಪಿಟಿಐಯಂಥ ಸುದ್ದಿಸಂಸ್ಥೆಗಳಿಂದ ಇಂಗ್ಲಿಷಿನಲ್ಲಿ ಬರುವ ಸುದ್ದಿ ರಾತ್ರಿಯೊಳಗೆ ಕನ್ನಡವಾಗಬೇಕು. ಇಲ್ಲಿ ಆಗುವ ತಪ್ಪುಗಳಲ್ಲಿ ಭಾಷೆಯವು ಕೆಲವಾದರೆ ಲೆಕ್ಕದವು ಹಲವು. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ ಎಂಬುದನ್ನು ಅವಸರದಲ್ಲಿ ಮರೆತರೆ ಒಂದು ಸೊನ್ನೆಯ ಏರುಪೇರಿನಿಂದ ಸುದ್ದಿಯೇ ಸುಳ್ಳಾಗುತ್ತದೆ. ಶೇಕಡಾ 5ರಿಂದ ಶೇಕಡಾ 10ಕ್ಕೆ ಏರಿದ್ದು ಶೇಕಡಾ 5ರಷ್ಟು ಏರಿಕೆಯಲ್ಲ, ದುಪ್ಪಟ್ಟಾದಂತೆ ಎಂಬುದನ್ನೂ ಡೆಸ್ಕಿನಲ್ಲಿ ಕುಳಿತವರೇ ಹಿಡಿಯಬೇಕು. ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದ ವಿದ್ಯಾರ್ಥಿಗಳಿಗೆ ಈ ಪಾಠ ಕಷ್ಟವೆನಿಸಿದರೂ ಅನಿವಾರ್ಯ. ಕಂಪ್ಯೂಟರಿನ ಮುಂದೆ ಕುಳಿತಾಗ ಕನ್ನಡಕ್ಕೇ ವಿಶಿಷ್ಟವಾದ ಮತ್ತೊಂದು ತೊಡಕು ಎದುರಾಗುತ್ತದೆ. ಹಳೆಯ ನುಡಿ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಯಲ್ಲಿ ಟೈಪಿಸಿದ ಬರಹವು ಮುದ್ರಣಕ್ಕೆ ಒಪ್ಪಿದರೂ, ಯೂನಿಕೋಡಿಗೆ ಪರಿವರ್ತಿಸದೆ ಜಾಲತಾಣಕ್ಕೆ ಏರಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಪರಿವರ್ತಿಸಿದಾಗಲೂ ಒತ್ತಕ್ಷರಗಳು ಅಲ್ಲಲ್ಲಿ ಚದುರುತ್ತವೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ವೇಗವಾಗಿ ಟೈಪಿಸುವುದು, ಪುಟವಿನ್ಯಾಸ ಮಾಡುವುದು, ಪರಿವರ್ತಿತ ಬರಹದ ಕರಡು ತಿದ್ದುವುದು, ಇವು ಮೊದಲ ಉದ್ಯೋಗದ ಮೊದಲ ದಿನವೇ ಬೇಕಾಗುವ ವಿದ್ಯೆಗಳು.

ಸಿದ್ಧಾಂತದ ಪತ್ರಿಕೆಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಾಯಿಪಾಠಕ್ಕೆ ಒಪ್ಪಿಸಿಬಿಡುತ್ತಾರೆ. ಅದು ಹಾಗಾಗಬೇಕಿಲ್ಲ. 1950ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಮೆರಿಕನ್ ವಿದ್ವಾಂಸನು ಸಣ್ಣ ಪಟ್ಟಣವೊಂದರ ಪತ್ರಿಕೆಯ ಉಪಸಂಪಾದಕನು ಒಂದು ವಾರದಲ್ಲಿ ಯಾವ ಸುದ್ದಿಗಳನ್ನು ಬಳಸಿದ, ಯಾವುವನ್ನು ಬದಿಗಿಟ್ಟ, ಏಕೆ ಬದಿಗಿಟ್ಟ ಎಂಬುದನ್ನು ದಾಖಲಿಸಿದಾಗ, ಬಂದ ಸುದ್ದಿಗಳಲ್ಲಿ ಹತ್ತರಲ್ಲೊಂದು ಭಾಗದಷ್ಟು ಮಾತ್ರ ಓದುಗರನ್ನು ತಲುಪಿತೆಂದೂ ತಿರಸ್ಕಾರದ ಕಾರಣಗಳಲ್ಲಿ ಬಹಳಷ್ಟು ಆತನ ಸ್ವಂತ ಅಭಿರುಚಿಗೆ ಸಂಬಂಧಿಸಿದವೆಂದೂ ತಿಳಿದುಬಂದಿತು. ಸುದ್ದಿಯ ಬಾಗಿಲಲ್ಲಿ ನಿಂತು ಒಳಬಿಡುವ, ತಡೆಯುವ ಈ ಕ್ರಿಯೆಯನ್ನು ‘ದ್ವಾರಪಾಲನೆ’ ಎಂದು ಕರೆಯುತ್ತಾರೆ. ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 1940ರ ಅಧ್ಯಕ್ಷೀಯ ಚುನಾವಣೆಯ ವೇಳೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು, ಪತ್ರಿಕೆ ಬಾನುಲಿಗಳ ಮಾತು ನೇರವಾಗಿ ಮತದಾರನನ್ನು ಒಲಿಸುವುದಕ್ಕಿಂತ, ಅವನ್ನು ಓದಿ ಕೇಳಿ ಸುತ್ತಲಿನವರಿಗೆ ವಿವರಿಸುವ ಮುಂದಾಳುಗಳ ಮೂಲಕ ಹೆಚ್ಚು ಪ್ರಭಾವ ಬೀರುತ್ತದೆ ಎಂದು ತೋರಿಸಿ, ‘ಎರಡು ಹಂತದ ಹರಿವು’ ಎಂಬ ಸಿದ್ಧಾಂತಕ್ಕೆ ದಾರಿಯಾಯಿತು. ಹಳ್ಳಿಯ ಚಹಾದ ಅಂಗಡಿಯಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಹತ್ತು ಮಂದಿ ಕೇಳಿ ಚರ್ಚಿಸುವುದನ್ನು ಕಂಡವರಿಗೆ ಈ ಸಿದ್ಧಾಂತ ಅಪರಿಚಿತವೆನಿಸದು. ಚಾಪೆಲ್ ಹಿಲ್ ಎಂಬ ಊರಿನಲ್ಲಿ 1968ರ ಚುನಾವಣೆಯ ಸಮಯದಲ್ಲಿ 100 ಮತದಾರರನ್ನು ಸಂದರ್ಶಿಸಿದ ಮ್ಯಾಕ್ಸ್‌ವೆಲ್ ಮೆಕೂಮ್ಸ್ ಮತ್ತು ಡೊನಾಲ್ಡ್ ಶಾ ಅವರು, ಮಾಧ್ಯಮಗಳು ಒತ್ತು ಕೊಟ್ಟ ವಿಷಯಗಳನ್ನೇ ಜನರೂ ಮುಖ್ಯವೆಂದು ಎಣಿಸುತ್ತಾರೆ ಎಂಬುದನ್ನು 1972ರಲ್ಲಿ ಪ್ರಕಟಿಸಿದರು. ಇದು ‘ಕಾರ್ಯಸೂಚಿ ನಿರೂಪಣೆ’ಯ ಸಿದ್ಧಾಂತ.

ಒಳ್ಳೆಯ ಅಧ್ಯಾಪಕರು ಈ ಸಿದ್ಧಾಂತಗಳನ್ನು ಅಮೆರಿಕೆಯಲ್ಲಿಯೇ ಬಿಟ್ಟುಬಿಡುವುದಿಲ್ಲ. ಮೂರು ನಾಲ್ಕು ಕನ್ನಡ ದಿನಪತ್ರಿಕೆಗಳ ಮುಖಪುಟಗಳನ್ನು ಒಂದು ವಾರ ಕಾಲ ಗಮನಿಸಿ, ಕೃಷಿಗೆ ಎಷ್ಟು ಕಾಲಂ ಸೆಂಟಿಮೀಟರ್ ಜಾಗ ಸಿಕ್ಕಿತು, ಅಪರಾಧಕ್ಕೆ ಎಷ್ಟು, ಸಿನಿಮಾಕ್ಕೆ ಎಷ್ಟು, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಎಷ್ಟು, ಬೆಂಗಳೂರಿಗೆ ಎಷ್ಟು ಎಂದು ಅಳತೆಪಟ್ಟಿ ಹಿಡಿದು ಲೆಕ್ಕ ಹಾಕಿಸುತ್ತಾರೆ. ‘ವಿಷಯ ವಿಶ್ಲೇಷಣೆ’ ಎಂಬ ಸಂಶೋಧನಾ ವಿಧಾನದ ಮೊದಲ ಮೆಟ್ಟಿಲು ಇದು. ಮಾಧ್ಯಮ ಹೀಗಿದೆ, ಹಾಗಿದೆ ಎಂಬ ಸಾಮಾನ್ಯ ಬೈಗುಳವನ್ನು ಬಿಟ್ಟು, ಅಳತೆ ಮಾಡಿ ಮಾತನಾಡುವ ಅಭ್ಯಾಸವನ್ನು ಈ ಸಣ್ಣ ಕೆಲಸ ಬೆಳೆಸುತ್ತದೆ; ಮುಂದೆ ಪತ್ರಕರ್ತರಾಗದೆ ಬೇರೆ ಯಾವ ಉದ್ಯೋಗಕ್ಕೆ ಹೋದರೂ ಆ ಅಭ್ಯಾಸ ಕೈಬಿಡುವುದಿಲ್ಲ.

ಮಾಧ್ಯಮ ಕಾನೂನಿನ ಪತ್ರಿಕೆಯು ಸಂವಿಧಾನದ 19(1)(ಎ) ವಿಧಿಯಿಂದ ಆರಂಭವಾಗುತ್ತದೆ. ಭಾರತದಲ್ಲಿ ಪತ್ರಿಕಾ ಸ್ವಾತಂತ್ರ್ಯವೆಂಬ ಪ್ರತ್ಯೇಕ ಹಕ್ಕು ಇಲ್ಲ, ಪ್ರತಿಯೊಬ್ಬ ಪ್ರಜೆಗೂ ಇರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಅದು ಅಡಗಿದೆ ಎಂಬುದು ವಿದ್ಯಾರ್ಥಿಗಳಿಗೆ ಅಚ್ಚರಿಯ ಸಂಗತಿ. 1950ರ ರೊಮೇಶ್ ಥಾಪರ್ ಪ್ರಕರಣದಲ್ಲಿ ಪತ್ರಿಕೆಯ ಪ್ರಸಾರದ ಹಕ್ಕನ್ನೂ, 1962ರ ಸಕಾಳ್ ಪತ್ರಿಕೆಯ ಪ್ರಕರಣದಲ್ಲಿ ಪುಟಸಂಖ್ಯೆಗೆ ತಕ್ಕಂತೆ ಬೆಲೆ ನಿಗದಿಪಡಿಸುವ ಸರ್ಕಾರದ ಕ್ರಮವನ್ನು ತಳ್ಳಿಹಾಕುವ ಮೂಲಕ ಪತ್ರಿಕೆಯ ಗಾತ್ರ ಮತ್ತು ಪ್ರಸರಣಗಳ ಸ್ವಾತಂತ್ರ್ಯವನ್ನೂ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ಸ್ವಾತಂತ್ರ್ಯಕ್ಕಿರುವ ಮಿತಿಗಳು, ಅಂದರೆ ಮಾನಹಾನಿ, ನ್ಯಾಯಾಂಗ ನಿಂದನೆ, ಶಾಸನಸಭೆಯ ಹಕ್ಕುಚ್ಯುತಿ ಮೊದಲಾದವು, ದಿನನಿತ್ಯದ ಕೆಲಸದಲ್ಲಿ ಇನ್ನೂ ಹತ್ತಿರದವು. 2017ರಲ್ಲಿ ಕರ್ನಾಟಕ ವಿಧಾನಸಭೆಯು ಹಕ್ಕುಚ್ಯುತಿಗಾಗಿ ಇಬ್ಬರು ಸಂಪಾದಕರಿಗೆ ಒಂದು ವರ್ಷದ ಸೆರೆವಾಸ ವಿಧಿಸುವ ನಿರ್ಣಯ ಕೈಗೊಂಡದ್ದು, ಈ ಕಾನೂನುಗಳು ಪುಸ್ತಕದ ಪುಟಗಳಲ್ಲಷ್ಟೇ ಉಳಿದಿಲ್ಲವೆಂಬುದನ್ನು ತೋರಿಸಿತು. ಆರೋಪಿಯನ್ನು ತೀರ್ಪಿಗೆ ಮೊದಲೇ ಅಪರಾಧಿ ಎಂದು ಬರೆಯಬಾರದು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಶಾಲೆ, ಮನೆ, ನೆರೆಹೊರೆಯ ಗುರುತು ಸಿಗುವಂಥ ಯಾವ ವಿವರವನ್ನೂ ಕೊಡಬಾರದೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ ಎಂಬಂಥ ಪಾಠಗಳು ಅಂಕಕ್ಕಾಗಿ ಕಲಿಯುವಂಥವಲ್ಲ. ಒಂದು ಅಜಾಗರೂಕ ವಾಕ್ಯ ಒಂದು ಮಗುವಿನ ಬದುಕನ್ನೇ ಕೆಡಿಸಬಲ್ಲದು.

ಇದೇ ಪತ್ರಿಕೆಯಲ್ಲಿ ಬರುವ 2005ರ ಮಾಹಿತಿ ಹಕ್ಕು ಕಾಯ್ದೆಯು ವಿದ್ಯಾರ್ಥಿಗಳ ಕೈಗೆ ಸಿಗುವ ಅತ್ಯಂತ ಉಪಯುಕ್ತ ಸಾಧನ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳ ಮಿತಿಯಲ್ಲಿರಬೇಕು, ಶುಲ್ಕ 10 ರೂಪಾಯಿ. ಉತ್ತರಕ್ಕೆ ಕಾಯ್ದೆ ನೀಡಿರುವ ಅವಧಿ 30 ದಿನ. ಹಾರಿಕೆಯ ಉತ್ತರಕ್ಕೆ ಎಡೆಗೊಡದಂತೆ, ನಿರ್ದಿಷ್ಟ ದಾಖಲೆಯನ್ನು ನಿರ್ದಿಷ್ಟ ಅವಧಿಯನ್ನು ಹೆಸರಿಸಿ 150 ಪದಗಳಲ್ಲಿ ಪ್ರಶ್ನೆ ಕೇಳುವುದನ್ನು ಕಲಿತವರು ವರದಿಗಾರಿಕೆಯ ಅರ್ಧ ಪಾಠವನ್ನು ಕಲಿತಂತೆಯೇ ಸರಿ.

ಇವೆಲ್ಲಕ್ಕೂ ಬುಡದಲ್ಲಿರುವುದು ಖಚಿತಪಡಿಸಿಕೊಳ್ಳುವ ಅಭ್ಯಾಸ. 2016ರ ನೋಟು ರದ್ದತಿಯ ಬೆನ್ನಿಗೆ ಹೊಸ 2000 ರೂಪಾಯಿ ನೋಟಿನಲ್ಲಿ ಎಲೆಕ್ಟ್ರಾನಿಕ್ ಚಿಪ್ ಅಡಗಿದೆ ಎಂಬ ಕಟ್ಟುಕತೆಯನ್ನು ದೇಶದ ಕೆಲವು ಸುದ್ದಿವಾಹಿನಿಗಳು ಗಂಭೀರವಾಗಿಯೇ ಬಿತ್ತರಿಸಿದವು. ನೋಟಿನ ಲಕ್ಷಣಗಳನ್ನು ವಿವರಿಸಿದ್ದ ರಿಸರ್ವ್ ಬ್ಯಾಂಕಿನ ಪ್ರಕಟಣೆಯನ್ನು ಒಮ್ಮೆ ಓದಿದ್ದರೆ ಸಾಕಾಗಿತ್ತು. ಅದು ನಗೆಪಾಟಲಿನಲ್ಲಿ ಮುಗಿಯಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದದ್ದು ಹಾಗೆ ಮುಗಿಯಲಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕರ ಮೇಲೆ ಎರಗಿ ಒಬ್ಬರ ಪ್ರಾಣ ತೆಗೆಯಿತು. ಸಂವಹನವನ್ನು ಅಧ್ಯಯನ ಮಾಡುವ ಪ್ರತಿ ತರಗತಿಯೂ ಈ ಘಟನೆಯ ಮುಂದೆ ನಿಂತು ಯೋಚಿಸಬೇಕು. ಚಿತ್ರವೊಂದು ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತೆಂದು ಗೂಗಲ್‌ನ ಚಿತ್ರಶೋಧದ ನೆರವಿನಿಂದ ಪತ್ತೆಹಚ್ಚುವುದು, ವಿಡಿಯೊದಲ್ಲಿನ ಅಂಗಡಿ ಫಲಕಗಳ ಭಾಷೆ, ವಾಹನಗಳ ನೋಂದಣಿ ಸಂಖ್ಯೆ, ನೆರಳಿನ ದಿಕ್ಕುಗಳಿಂದ ಸ್ಥಳ ಮತ್ತು ಸಮಯವನ್ನು ಗುರುತಿಸುವುದು, ಠಾಣೆಗೆ ಕರೆ ಮಾಡಿ ಕೇಳುವುದು, ಇವೆಲ್ಲ ಇಂದು ಪಠ್ಯದ ಭಾಗವಾಗುತ್ತಿವೆ. ಯಂತ್ರವೇ ಮುಖವನ್ನೂ ಧ್ವನಿಯನ್ನೂ ಸೃಷ್ಟಿಸಬಲ್ಲ ಈ ದಿನಗಳಲ್ಲಿ ಇವುಗಳ ಬೆಲೆ ಇನ್ನಷ್ಟು ಹೆಚ್ಚಿದೆ.

ಈ ತರಗತಿಗಳಿಗೆ ಬರುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. 1996ರಲ್ಲಿ ದೆಹಲಿಯ ಹಿರಿಯ ಪತ್ರಕರ್ತ ಬಿ.ಎನ್. ಉನಿಯಾಲ್ ಅವರು ರಾಜಧಾನಿಯ ಮಾನ್ಯತೆ ಪಡೆದ ಪತ್ರಕರ್ತರಲ್ಲಿ ಒಬ್ಬ ದಲಿತನನ್ನು ಹುಡುಕಲು ಹೊರಟು, ಒಬ್ಬರೂ ಸಿಗಲಿಲ್ಲವೆಂದು ‘ದಿ ಪಯೊನೀರ್’ ಪತ್ರಿಕೆಯಲ್ಲಿ ಬರೆದದ್ದು ಭಾರತೀಯ ಪತ್ರಿಕೋದ್ಯಮದ ಆತ್ಮಪರೀಕ್ಷೆಗೆ ಕಾರಣವಾಯಿತು. ಸುದ್ದಿಮನೆಯೊಳಗೆ ಯಾರಿಲ್ಲವೋ ಅವರ ಬದುಕು ಸುದ್ದಿಯಾಗುವುದೂ ಕಡಿಮೆ. ಈ ದೃಷ್ಟಿಯಿಂದ, ಮಹಾನಗರಗಳ ದುಬಾರಿ ಸಂಸ್ಥೆಗಳಿಗಿಂತ, ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಪತ್ರಿಕೋದ್ಯಮ ಓದುವ, ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲೇರಿದ ಹುಡುಗ ಹುಡುಗಿಯರ ಮೇಲೆ ಕನ್ನಡ ಪತ್ರಿಕೋದ್ಯಮದ ಭವಿಷ್ಯ ಹೆಚ್ಚು ನಿಂತಿದೆ. ಬೆಳೆ ವಿಮೆಯ ಹಣ ಏಕೆ ಬರಲಿಲ್ಲ, ಪಡಿತರದ ಅಂಗಡಿಯಲ್ಲಿ ಬೆರಳಚ್ಚು ಏಕೆ ಹೊಂದಲಿಲ್ಲ, ಹಾಸ್ಟೆಲ್ಲಿನ ಊಟ ಹೇಗಿದೆ ಎಂಬುದನ್ನು ಅವರು ಯಾರನ್ನೂ ಕೇಳಿ ತಿಳಿಯಬೇಕಿಲ್ಲ. ಅವರಿಗೆ ಬೇಕಾಗಿರುವುದು ಅದನ್ನು ದಾಖಲೆ ಸಹಿತ ಬರೆಯುವ ತರಬೇತಿ.

ಆ ತರಬೇತಿ ಸಿಗುತ್ತಿದೆಯೇ ಎಂದರೆ, ಎಲ್ಲೆಡೆ ಇಲ್ಲ ಎಂದೇ ಹೇಳಬೇಕಾಗುತ್ತದೆ. ಅನೇಕ ಕಾಲೇಜುಗಳಲ್ಲಿ ವಿಭಾಗದ ಭಾರವೆಲ್ಲ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಕ್ಯಾಮೆರಾ, ಧ್ವನಿಮುದ್ರಣದ ಕೊಠಡಿ, ಕಂಪ್ಯೂಟರುಗಳು ಕಾಗದದ ಮೇಲಿದ್ದರೂ ವಿದ್ಯಾರ್ಥಿಗಳ ಕೈಗೆ ಎಟಕುವುದಿಲ್ಲ. ಕನ್ನಡದಲ್ಲಿ ಒಳ್ಳೆಯ ಪಠ್ಯಪುಸ್ತಕಗಳು ವಿರಳ, ಇರುವವೂ ಬೇಗ ಹಳತಾಗುತ್ತವೆ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ಮಾನಹಾನಿಯ ಅಪರಾಧವು 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ 499ನೆಯ ಕಲಮಿನಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿಗೆ ಸ್ಥಳಾಂತರಗೊಂಡಿದೆ. ಹಳೆಯ ಪುಸ್ತಕವನ್ನು ಹಿಡಿದು ಓದುವ ವಿದ್ಯಾರ್ಥಿಗೆ ಇದನ್ನು ಹೇಳುವವರು ಅಧ್ಯಾಪಕರೊಬ್ಬರೇ. ಇದರ ಜೊತೆಗೆ, ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಕ್ರಮವನ್ನು 2024–25ರಲ್ಲಿ ಕೈಬಿಟ್ಟು ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿದ್ದರಿಂದ, ಕೆಲವೇ ವರ್ಷಗಳ ಅಂತರದಲ್ಲಿ ಪಠ್ಯಕ್ರಮವು ಎರಡು ಬಾರಿ ಬದಲಾಯಿತು. ಈ ಗೊಂದಲದ ಹೊರೆಯನ್ನು ಹೊತ್ತವರು ವಿದ್ಯಾರ್ಥಿಗಳು.

ಕಡಿಮೆ ಖರ್ಚಿನಲ್ಲಿಯೂ ಬಹಳಷ್ಟು ಸಾಧ್ಯವಿದೆ ಎಂಬುದಕ್ಕೆ ಉದಾಹರಣೆಗಳಿಲ್ಲದಿಲ್ಲ. ಕಾಲೇಜಿನ ಮೊಗಸಾಲೆಯಲ್ಲಿ ವಾರಕ್ಕೊಮ್ಮೆ ಬದಲಾಗುವ ಭಿತ್ತಿಪತ್ರಿಕೆಗೆ ಬೇಕಾದದ್ದು ಹಾಳೆ, ಅಂಟು ಮತ್ತು ಹಠ ಹಿಡಿದು ತಿದ್ದುವ ಒಬ್ಬ ಅಧ್ಯಾಪಕ ಮಾತ್ರ. ವಿದ್ಯಾರ್ಥಿಗಳೇ ವರದಿ ಮಾಡಿ, ಸಂಪಾದಿಸಿ, ಪುಟ ಕಟ್ಟಿ ಹೊರತರುವ ಪ್ರಾಯೋಗಿಕ ಪತ್ರಿಕೆಯನ್ನು, ಅಂದರೆ ‘ಲ್ಯಾಬ್ ಜರ್ನಲ್’ ಅನ್ನು, ಇಂದು ಮುದ್ರಿಸದೆಯೂ ಪಿಡಿಎಫ್ ರೂಪದಲ್ಲಿ ಹಂಚಬಹುದು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ‘ರೇಡಿಯೊ ಸಾರಂಗ್’ನಂಥ ಸಮುದಾಯ ಬಾನುಲಿ ಕೇಂದ್ರಗಳು ಮೀನುಗಾರರು, ಕೃಷಿಕರು, ರೋಗಿಗಳು, ವೈದ್ಯರನ್ನು ಧ್ವನಿಪೆಟ್ಟಿಗೆಯ ಮುಂದೆ ಕೂರಿಸಿ, ವಿದ್ಯಾರ್ಥಿಗಳಿಗೆ ಜನರ ಭಾಷೆಯನ್ನು ಕೇಳಿಸಿಕೊಳ್ಳುವ ಅವಕಾಶ ಒದಗಿಸಿವೆ.

ಪದವಿ ಮುಗಿದ ಮೇಲೆ ದಾರಿಗಳು ಹಲವು. ದಿನಪತ್ರಿಕೆ ಮತ್ತು ಸುದ್ದಿವಾಹಿನಿಗಳಲ್ಲದೆ ಜಾಲಸುದ್ದಿತಾಣಗಳು, ಜಾಹೀರಾತು ಸಂಸ್ಥೆಗಳು, ಆಸ್ಪತ್ರೆ ಮತ್ತು ಉದ್ಯಮಗಳ ಸಾರ್ವಜನಿಕ ಸಂಪರ್ಕ ವಿಭಾಗಗಳು, ರಾಜ್ಯ ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಅನುವಾದ, ಸ್ನಾತಕೋತ್ತರ ಪದವಿಯ ನಂತರ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಪಾಸಾಗಿ ಅಧ್ಯಾಪನ, ಹೀಗೆ ಅವು ಹರಡಿಕೊಂಡಿವೆ. ಸುದ್ದಿಮನೆಯ ಆರಂಭದ ಸಂಬಳ ಸಾಧಾರಣವಾದದ್ದು, ಜಿಲ್ಲೆ ತಾಲ್ಲೂಕುಗಳಲ್ಲಿ ಸುದ್ದಿಗಿಷ್ಟು ಎಂದು ಸಂಭಾವನೆ ಪಡೆಯುವ ಬಿಡಿ ಸುದ್ದಿಗಾರರ ಪಾಡು ಇನ್ನೂ ಕಷ್ಟದ್ದು ಎಂಬುದನ್ನು ಪ್ರವೇಶಕ್ಕೆ ಮೊದಲೇ ವಿದ್ಯಾರ್ಥಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳುವುದು ಕಾಲೇಜುಗಳ ಕರ್ತವ್ಯ.

ಕಾಲೇಜನ್ನು ಆಯ್ದುಕೊಳ್ಳುವಾಗ ಕಟ್ಟಡದ ಅಂದವನ್ನೂ ಸ್ಟುಡಿಯೊದ ದೀಪಗಳನ್ನೂ ನೋಡುವುದಕ್ಕಿಂತ ಕೆಲವು ಸರಳ ಪ್ರಶ್ನೆಗಳನ್ನು ಕೇಳುವುದು ಲೇಸು. ಪ್ರಾಯೋಗಿಕ ಪತ್ರಿಕೆಯ ಕಳೆದ ವರ್ಷದ ಸಂಚಿಕೆಗಳನ್ನು ತೋರಿಸಲು ವಿಭಾಗ ಸಿದ್ಧವಿದೆಯೇ, ಅವುಗಳಲ್ಲಿ ಕಾಲೇಜಿನ ಸಮಾರಂಭಗಳ ವರದಿಗಳಷ್ಟೇ ಇವೆಯೇ ಅಥವಾ ಊರಿನ ಸುದ್ದಿಯೂ ಇದೆಯೇ ಎಂದು ನೋಡಬೇಕು. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಬೈಂಡು ಮಾಡಿದ ಸಂಪುಟಗಳಿವೆಯೇ, ವಿದ್ಯಾರ್ಥಿಗಳನ್ನು ನ್ಯಾಯಾಲಯದ ಕಲಾಪಕ್ಕೂ ಪಂಚಾಯಿತಿ ಸಭೆಗೂ ಕರೆದೊಯ್ಯುವ ರೂಢಿಯಿದೆಯೇ, ಇಂಟರ್ನ್‌ಷಿಪ್ಪಿಗೆ ಹೋದವರು ಅಲ್ಲಿ ಬರೆದ ಸುದ್ದಿಗಳ ಪ್ರತಿಗಳನ್ನು ತಂದು ಒಪ್ಪಿಸಬೇಕೇ ಅಥವಾ ಹಾಜರಾತಿಯ ಪ್ರಮಾಣಪತ್ರ ತಂದರೆ ಸಾಕೇ ಎಂದು ವಿಚಾರಿಸಬೇಕು. ಸಾಧ್ಯವಾದರೆ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬರ ಪ್ರಾಯೋಗಿಕ ಪುಸ್ತಕವನ್ನು ತೆರೆದು ನೋಡುವುದು ಇನ್ನೂ ಒಳ್ಳೆಯದು. ವರದಿಗಳ ಅಂಚಿನಲ್ಲಿ ಅಧ್ಯಾಪಕರು ಬರೆದ ಪ್ರಶ್ನೆಗಳು ಅಲ್ಲಿ ಎಷ್ಟಿವೆ ಎಂಬುದರಿಂದ ವಿಭಾಗದ ನಿಜಸ್ಥಿತಿ ತಿಳಿಯುತ್ತದೆ.